ಆಮೆಗೆ ಕನ್ನಡ ಕಲಿಸೋಣ



ಹೆಗ್ಗನಹಳ್ಳಿಯ ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ನಿಮ್ಮಲ್ಲಿ ಕೆಲವರ ಮನೆಯವರು ಅಲ್ಲಿನ ಸಿ.ಎನ್.ಸಿ. ಯಂತ್ರಗಳ ಮೇಲೆ ದುಡಿಯುತ್ತಿರಬಹುದು. ಟೂಲ್ ಎತ್ತ, ಎಷ್ಟು ಸರಿಯಬೇಕೆಂದು ಸಾಲುಸಾಲಾಗಿ ಬರೆದುಕೊಟ್ಟರೆ ಯಂತ್ರ ಹಾಗೆಯೇ ಕೊರೆಯುತ್ತದೆ. ಕಂಪ್ಯೂಟರಿನಿಂದ ಚಿತ್ರ ಬರೆಸುವುದೂ ಇದೇ ಜಾತಿಯ ಕೆಲಸ. ಅದಕ್ಕೆ ಬೇಕಾದ ಸಿದ್ಧ ಆದೇಶಗಳ ಕಟ್ಟಿಗೆ ಗ್ರಾಫಿಕ್ಸ್ ಲೈಬ್ರರಿ ಎನ್ನುತ್ತಾರೆ.

ಬಹುಕಾಲ ನಮ್ಮ ಅನೇಕ ಕಾಲೇಜುಗಳಲ್ಲಿ ಈ ಪಾಠ ಟರ್ಬೊ ಸಿ ಮೂಲಕ ನಡೆಯಿತು. ಒಂದು ಗೆರೆ ಬೇಕೆಂದರೂ ಮೊದಲು ಡ್ರೈವರ್, ಮೋಡ್, ಕಡತವಿರುವ ಜಾಗ ಇಷ್ಟನ್ನೂ ಹೇಳಬೇಕು. ಜಾಗ ತಪ್ಪಿದರೆ ಗೆರೆಯ ಬದಲು ಇಂಗ್ಲಿಷಿನ ದೂರು. ಸಾಲದ್ದಕ್ಕೆ, ಗಣಿತದಲ್ಲಿ ಮೇಲಕ್ಕೇರುವ ವೈ-ಅಕ್ಷ ಇಲ್ಲಿ ಕೆಳಕ್ಕಿಳಿಯುತ್ತದೆ! ಚಿತ್ರ ಮೂಡುವುದು ತಡವಾದರೆ ನೋಡುಗರು ಚಾನೆಲ್ ಬದಲಿಸುತ್ತಾರೆಂಬುದು ನಮ್ಮ ಕಸುಬಿನ ಪಾಠ. ಹೊಸ ವಿದ್ಯಾರ್ಥಿ ಮರುದಿನ ತರಗತಿಗೇ ಬರುವುದಿಲ್ಲ.

1967ರಲ್ಲಿ ಅಮೆರಿಕದಲ್ಲಿ ಸೆಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಮಕ್ಕಳಿಗಾಗಿ ಲೋಗೋ ಭಾಷೆಯನ್ನು ರೂಪಿಸಿದರು. ಮುಂದೆ ಅದಕ್ಕೊಂದು ಆಮೆ ಸೇರಿತು. ಮೊದಲಿಗೆ ಅದು ಲೇಖನಿ ಎಳೆದುಕೊಂಡು ನೆಲದ ಮೇಲೆ ಓಡಾಡುವ ಯಂತ್ರ. ಬಳಿಕ ಪರದೆಯ ಮೇಲಿನ ಗುರುತು. ಇಂದಿನ ಪೈಥಾನ್ ಭಾಷೆಯ ಟರ್ಟಲ್ ಲೈಬ್ರರಿ ಅದರ ಸಂತಾನ. ನೂರು ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ ಎಂದು ನಾಲ್ಕು ಸಲ ಹೇಳಿದರೆ ಚೌಕ. 90ರ ಬದಲು 80 ಎಂದಿರೋ, ಚೌಕ ಮುಚ್ಚುವುದೇ ಇಲ್ಲ. ತಪ್ಪನ್ನು ಮೇಷ್ಟ್ರು ಹೇಳಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ. ಐದು ಸಲ, 144 ಡಿಗ್ರಿಯಂತೆ ತಿರುಗಿಸಿದರೆ ಏನಾಗುತ್ತದೆಂದು ನೀವೇ ನೋಡಿ.

ಆದರೂ ಕನ್ನಡ ಮಾಧ್ಯಮದವರಿಗೆ ಒಂದು ಹೊಸ್ತಿಲು ಉಳಿದೇ ಇದೆ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೇ ಇಡಬಹುದು. ಫಾರ್ವರ್ಡ್‌ಗೆ ‘ಮುಂದೆ’, ರೈಟ್‌ಗೆ ‘ಬಲಕ್ಕೆ’ ಎಂದು ಒಂದು ಸಣ್ಣ ಕಡತ ಮಾಡಿಟ್ಟುಕೊಂಡರೆ,

ಮುಂದೆ(100)
ಬಲಕ್ಕೆ(90)

ಎಂಬುದು ನಿಜವಾಗಿ ನಡೆಯುವ ಪ್ರೋಗ್ರಾಂ. ಫಾರ್, ಇಫ್ ಮುಂತಾದ ಮೂಲಪದಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ೧, ೨, ೩ ಎಂಬ ಅಂಕಿಗಳೂ ಅಲ್ಲಿ ನಡೆಯವು. ಮಕ್ಕಳು ಇಂಗ್ಲಿಷಿನಲ್ಲಿ ಹಿಂದೆ ಬೀಳುತ್ತಾರೆಂಬ ಆತಂಕ ನನಗಿಲ್ಲ. ಮೂರನೆಯ ವಾರ ಫಾರ್ವರ್ಡ್ ಎಂದು ಬರೆಸಿದರಾಯಿತು. ಅಷ್ಟರಲ್ಲಿ ಅದರ ಕೆಲಸ ಗೊತ್ತಿರುತ್ತದೆ.

ಹೆಸರಿಗಿಂತ ಮುಖ್ಯವಾದುದು ದೋಷಸೂಚನೆ. ಸಂಖ್ಯೆಯ ಜಾಗದಲ್ಲಿ "ನೂರು" ಎಂದು ಬರೆದರೆ ಪೈಥಾನ್ ಇಂಗ್ಲಿಷಿನಲ್ಲಿ ನಾಲ್ಕಾರು ಸಾಲು ಸುರಿಯುತ್ತದೆ. ನಿಮ್ಮ ಕಡತದಲ್ಲೇ ಅದನ್ನು ಮೊದಲು ಪರೀಕ್ಷಿಸಿ, ‘ಇಲ್ಲಿ ಸಂಖ್ಯೆ ಬೇಕು’ ಎಂದು ಹೇಳಿಸುವುದು ಎರಡು ಮೂರು ಸಾಲಿನ ಕೆಲಸ. ಕಾಲೇಜಿನವರು ಒಂದು ಭಾನುವಾರದಲ್ಲಿ ಮುಗಿಸಬಹುದು. ಆಮೇಲೆ ನಿಮ್ಮ ಬೀದಿಯ ಎಂಟನೆಯ ತರಗತಿಯ ಮಗುವೊಂದನ್ನು ಕೂರಿಸಿ, ಬಾಯಿ ಬಿಡದೆ ಪಕ್ಕದಲ್ಲಿರಿ. ಅದರ ಕೈ ಎಲ್ಲಿ ನಿಲ್ಲುತ್ತದೋ ಆ ಸಾಲನ್ನು ಬರೆದುಕೊಳ್ಳಿ. ಮುಂದಿನ ತಿದ್ದುಪಡಿ ಅಲ್ಲಿಂದ.