ಮೊದಲು ಕಿವಿ, ಅನಂತರ ಮಾತು

(ಶತಮಾನೋತ್ಸವ ವರ್ಷದಲ್ಲಿ ಧರ್ಮಕೇಂದ್ರದ ಸೇವಾಕರ್ತರ ಕೂಟದಲ್ಲಿ ಮಾಡಿದ ಉಪನ್ಯಾಸ)



ದೇವಲಾಪುರ ಹೋಬಳಿಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನೊಂದವರಿಗೆ ನೆರವಾಗಲು ನಿಮ್ಮಲ್ಲಿ ಕೆಲವರು ಮುಂದೆ ಬಂದಿದ್ದೀರಿ. ಶತಮಾನೋತ್ಸವಕ್ಕೆ ಇದಕ್ಕಿಂತ ಯೋಗ್ಯವಾದ ಕಾಣಿಕೆ ಬೇರೊಂದಿಲ್ಲ. ಈ ಸೇವೆಗೆ ಇಂದು 'ಆಪ್ತ ಸಮಾಲೋಚನೆ' ಎಂಬ ಹೆಸರು ರೂಢಿಯಲ್ಲಿದೆ. ಅದರ ಮೊದಲ ಪಾಠ ಆಲಿಸುವುದು. ಈ ಪಾಠವನ್ನು ನಾವು ಕಲಿತದ್ದು ನಮ್ಮದೇ ತಪ್ಪಿನಿಂದ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

2015ರಲ್ಲಿ ನಮ್ಮ ಮಂಡ್ಯ ಜಿಲ್ಲೆಯಿಂದ ರೈತರ ಆತ್ಮಹತ್ಯೆಯ ಸುದ್ದಿಗಳು ಒಂದರ ಹಿಂದೊಂದರಂತೆ ಬರುತ್ತಿದ್ದವು. ಆ ದಿನಗಳ ಒಂದು ಸಂಜೆ ರೈತರೊಬ್ಬರು ನಮ್ಮಲ್ಲಿಗೆ ಬಂದರು. ಕೊಳವೆಬಾವಿ ಬತ್ತಿದೆ, ಕೈಸಾಲ ಬೆಳೆದಿದೆ ಎಂದರು. "ಸಾಕಾಗೋಗದೆ ಸ್ವಾಮಿ" ಎಂದು ಸುಮ್ಮನಾದರು. ನಾವಾದರೋ ಅದನ್ನು ದಣಿವಿನ ಮಾತೆಂದು ತಿಳಿದು, ಬ್ಯಾಂಕಿಗೆ ಅರ್ಜಿ ಹಾಕಬೇಕು, ಕುಡಿತ ಬಿಡಬೇಕು, ಜಪ ತಪ್ಪಿಸಬಾರದು ಎಂದು ಅರ್ಧ ಗಂಟೆ ಬೋಧಿಸಿದೆವು. ಅವರು ಕೈಮುಗಿದು ಹೊರಟುಹೋದರು. ಅದೇ ರಾತ್ರಿ ಪ್ರಾಣ ಕಳೆದುಕೊಳ್ಳಲು ಹೊರಟಿದ್ದ ಅವರನ್ನು, ಎಚ್ಚರವಾಗಿದ್ದ ಪತ್ನಿ ತಡೆದು ಉಳಿಸಿಕೊಂಡರು. ಮರುದಿನ ನಾವು ಮನೆಗೆ ಹೋದಾಗ ಅವರು ಆಡಿದ್ದು ಒಂದೇ ಮಾತು: "ಯೋಳಾನ ಅಂತ್ಲೇ ಬಂದಿದ್ದೆ ಸ್ವಾಮಿ, ನೀವೇ ಮಾತಾಡ್ತಿದ್ರಿ." ಆ ಮಾತನ್ನು ನಾವು ಇಂದಿಗೂ ಮರೆತಿಲ್ಲ.

ಶುಭಸಂದೇಶವನ್ನು ಅಷ್ಟು ವರ್ಷ ಬೋಧಿಸಿಯೂ ನಾವು ಅದರಲ್ಲಿದ್ದುದನ್ನು ಕಾಣದೆ ಹೋಗಿದ್ದೆವು. ಎಮ್ಮಾವು ಊರಿನ ದಾರಿಯಲ್ಲಿ ಪುನರುತ್ಥಾನರಾದ ಪ್ರಭುವಿಗೆ ಎಲ್ಲವೂ ತಿಳಿದಿತ್ತು. ಆದರೂ ಏನೂ ಅರಿಯದವರಂತೆ ಪ್ರಶ್ನಿಸಿ, ಶಿಷ್ಯರಿಬ್ಬರು ತಮ್ಮ ದುಃಖವನ್ನೆಲ್ಲ ಹೇಳಿ ಮುಗಿಸುವವರೆಗೆ ಆಲಿಸಿ, ಆಮೇಲೆ ಬೋಧಿಸಿದರು. ಯೋಬನ ಗೆಳೆಯರು ಏಳು ದಿನ ಅವನ ಬಳಿ ಮೌನವಾಗಿ ಕುಳಿತಿದ್ದಷ್ಟು ಕಾಲ ಒಳ್ಳೆಯ ಗೆಳೆಯರಾಗಿಯೇ ಇದ್ದರು. ಬಾಯಿ ತೆರೆದು ವಾದಕ್ಕಿಳಿದ ಮೇಲೆ ಅವನಿಗೆ ಹೊರೆಯಾದರು.

ಇನ್ನು ಆಚರಣೆಯ ಮಾತು. ನೊಂದವರನ್ನು ಹತ್ತು ಜನ ಓಡಾಡುವ ಜಗಲಿಯ ಮೇಲೆ ಮಾತನಾಡಿಸಬೇಡಿ. ಅವರು ನೆಲದ ಮೇಲೆ ಕುಳಿತರೆ ನೀವೂ ನೆಲದ ಮೇಲೆಯೇ ಕುಳಿತುಕೊಳ್ಳಿ. ಮೊಬೈಲನ್ನು ಆರಿಸಿಡಿ. "ಏಕೆ ಕುಡಿಯುತ್ತೀಯ?" ಎಂಬುದು ಠಾಣೆಯ ಪ್ರಶ್ನೆ, "ಇದು ಎಂದಿನಿಂದ ಹೀಗಾಯಿತು?" ಎಂಬುದು ಆಪ್ತರ ಪ್ರಶ್ನೆ. ಮೊದಲನೆಯದು ಬಾಯಿ ಮುಚ್ಚಿಸುತ್ತದೆ, ಎರಡನೆಯದು ತೆರೆಯಿಸುತ್ತದೆ.

ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಮರಳಿ ಹೇಳಿ: "ಸಾಲಕ್ಕಿಂತ, ಸಾಲ ಕೊಟ್ಟವರು ಬೀದಿಯಲ್ಲಿ ನಿಂತು ಆಡಿದ ಮಾತು ಹೆಚ್ಚು ನೋಯಿಸಿತು, ಅಲ್ಲವೇ?" ನೀವು ತಿಳಿದದ್ದು ತಪ್ಪಾಗಿದ್ದರೆ ಅವರೇ ತಿದ್ದುತ್ತಾರೆ, ಸರಿಯಾಗಿದ್ದರೆ, ನನ್ನ ನೋವು ಇವರಿಗೆ ಅರ್ಥವಾಯಿತು ಎಂಬ ಭರವಸೆ ಹುಟ್ಟುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902–1987) ತಮ್ಮ ಪದ್ಧತಿಯಲ್ಲಿ ಪ್ರಧಾನಸ್ಥಾನ ಕೊಟ್ಟದ್ದು ಇಂತಹ ಸಹಾನುಭೂತಿಯ ಗ್ರಹಿಕೆಗೇ. ಅವರು ಅತ್ತರೆ ಅಳಲು ಬಿಡಿ. ಮೌನ ಬಂದರೆ ಅದನ್ನು ನಮ್ಮ ಮಾತಿನಿಂದ ತುಂಬುವ ಆತುರ ಬೇಡ.

"ಸಾಕಾಯಿತು" ಎಂಬಂತಹ ಮಾತು ಕಿವಿಗೆ ಬಿದ್ದರೆ ಮಾತ್ರ ಅಲ್ಲಿಯೇ ನಿಲ್ಲಿ. "ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ, ಮೃದುವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆಯನ್ನು ಬಿತ್ತಿದಂತಾಗುತ್ತದೆ ಎಂಬ ಅಂಜಿಕೆ ನಿರಾಧಾರವೆಂದು ಮನೋವೈದ್ಯರು ಹೇಳುತ್ತಾರೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು.

ಗುಟ್ಟಿನ ವಿಷಯದಲ್ಲಿ ಒಂದು ಭೇದವನ್ನು ನೆನಪಿಡಿ. ಪಾಪನಿವೇದನೆಯಲ್ಲಿ ಗುರುವಿಗೆ ತಿಳಿದದ್ದು ಯಾವ ಕಾರಣಕ್ಕೂ ಹೊರಬರುವಂತಿಲ್ಲ. ನಿಮ್ಮೊಡನೆ ಆಡಿದ ಮಾತೂ ಗುಟ್ಟಾಗಿಯೇ ಉಳಿಯಬೇಕು. ಅದು ಸಂತೆಯಲ್ಲಿ ಕೇಳಿಬಂದರೆ ನಿಮ್ಮ ಸೇವೆ ಅಲ್ಲಿಗೆ ಮುಗಿಯಿತು. ಆದರೆ ಪ್ರಾಣಕ್ಕೆ ಅಪಾಯವಿದೆಯೆಂದಾಗ ಮನೆಯವರಿಗೂ ವೈದ್ಯರಿಗೂ ತಿಳಿಸಲೇಬೇಕು. ಇದನ್ನು ಆರಂಭದಲ್ಲಿಯೇ ಅವರಿಗೆ ಹೇಳಿಬಿಡುವುದು ಪ್ರಾಮಾಣಿಕತೆ.

"ನಾವು ಹೆಚ್ಚು ಓದಿದವರಲ್ಲ, ನಮ್ಮಿಂದ ಇದು ಆದೀತೇ?" ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ, ಮನೋವೈದ್ಯರಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯಿತ್ತು ಹಳ್ಳಿಗಳಲ್ಲಿಯೇ ಮಾನಸಿಕ ಶುಶ್ರೂಷೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಚಿಕಿತ್ಸೆ ವೈದ್ಯರ ಕೆಲಸ. ಆಲಿಸಿ, ಗುರುತಿಸಿ, ಕೈಹಿಡಿದು ಅಲ್ಲಿಯವರೆಗೆ ಕರೆದೊಯ್ಯುವುದು ನಮ್ಮ ಕೆಲಸ.

ಆ ರೈತರು ಅನಂತರವೂ ನಮ್ಮಲ್ಲಿಗೆ ಬಂದರು. ನಾವು ಆಡಿದ ಮಾತು ಬಲು ಕಡಿಮೆ. ಮೂರನೆಯ ಸಲ ಅವರೇ ವೈದ್ಯರಲ್ಲಿಗೆ ಹೋಗೋಣವೆಂದರು, ಜೊತೆಯಲ್ಲಿ ಹೋದೆವು. ಅವರ ಸಾಲ ತೀರಲು ವರ್ಷಗಳೇ ಹಿಡಿದವು. ಆದರೆ ಅದನ್ನು ತೀರಿಸಲು ಅವರು ಬದುಕಿದ್ದರು.

ಮುಂದೆ ನಿಮ್ಮ ಬಾಗಿಲಿಗೆ ಬರುವವರು ಹೇಳಬಂದದ್ದನ್ನು ಹೇಳಿ ಮುಗಿಸಿಯೇ ಹಿಂದಿರುಗಲಿ. ಅಷ್ಟರಮಟ್ಟಿನ ತಾಳ್ಮೆಯನ್ನು ಪ್ರಭುವು ನಿಮಗೂ ನಮಗೂ ದಯಪಾಲಿಸಲಿ.