ಒಂದೇ ತಂತಿಯ ಎರಡು ತುದಿಗಳು

(ಸಂಘದ ವಿದ್ಯಾರ್ಥಿ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರೆಹ ರೂಪ)



ಇಂದು ಪುರಸ್ಕೃತರಾದವರಲ್ಲಿ ಹೆಚ್ಚಿನವರು ಇಂಜಿನಿಯರಿಂಗ್ ಓದಲು ಹೊರಟವರೆಂದು ಕಾರ್ಯದರ್ಶಿಗಳು ತಿಳಿಸಿದರು. ಅವರ ಅಂಕಗಳನ್ನು ಆಗಲೇ ಓದಿ ಹೇಳಿದ್ದಾರೆ, ಅದರ ಮೇಲೆ ನಾನು ಮಾತು ಬೆಳೆಸುವುದಿಲ್ಲ. ಅಂಕಪಟ್ಟಿಯಲ್ಲಿ ಕಾಣಿಸದ ಒಂದು ವಿದ್ಯೆಯುಂಟು. ನಾಲ್ಕು ಮಂದಿ ಸೇರಿ ಒಂದು ವಿದ್ಯುತ್ ಉಪಕರಣವನ್ನು ಕಟ್ಟುವಾಗ ಒಬ್ಬ ಮತ್ತೊಬ್ಬನಿಗೆ ಏನನ್ನು, ಯಾವಾಗ ಹೇಳಬೇಕೆಂಬ ವಿದ್ಯೆ ಅದು. ಅದನ್ನು ಕುರಿತು ನಾಲ್ಕು ಮಾತು ಹೇಳಲು ನಿಮ್ಮ ಅನುಮತಿ ಬೇಡುತ್ತೇನೆ.

ದೂರದ ಉದಾಹರಣೆ ಬೇಕಾಗಿಲ್ಲ. ನಮ್ಮ ಪೊವಾಯಿಯ ಐ.ಐ.ಟಿ.ಯಲ್ಲಿ 2007ರಲ್ಲಿ ಏರೋಸ್ಪೇಸ್ ವಿಭಾಗದ ಇಬ್ಬರು ವಿದ್ಯಾರ್ಥಿಗಳು ತಾವೇ ಒಂದು ಉಪಗ್ರಹವನ್ನು ನಿರ್ಮಿಸಬೇಕೆಂದು ಹೊರಟರು. ಅದಕ್ಕೆ 'ಪ್ರಥಮ್' ಎಂದು ಹೆಸರಾಯಿತು. ತೂಕ ಸುಮಾರು 10 ಕಿಲೋ, ಊರಿನಿಂದ ನಾವು ಹೊತ್ತು ತರುವ ಕುಚ್ಚಲಕ್ಕಿಯ ಸಣ್ಣ ಚೀಲದಷ್ಟು. 2009ರಲ್ಲಿ ಇಸ್ರೋ ಸಂಸ್ಥೆಯೊಡನೆ ಒಪ್ಪಂದವಾಯಿತು. 2016ರ ಸೆಪ್ಟೆಂಬರ್ 26ರಂದು ಶ್ರೀಹರಿಕೋಟದಿಂದ ಹೊರಟ ಪಿ.ಎಸ್.ಎಲ್.ವಿ.-ಸಿ35 ರಾಕೆಟ್ಟು ಅದನ್ನು ಕಕ್ಷೆಗೆ ಸೇರಿಸಿತು. ಬೆಂಗಳೂರಿನ ಪಿ.ಇ.ಎಸ್. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ 'ಪಿಸ್ಯಾಟ್' ಕೂಡ ಅದೇ ರಾಕೆಟ್ಟಿನ ಸಹಪ್ರಯಾಣಿಕನಾಗಿತ್ತೆಂಬುದು ನಮಗೆ ಇನ್ನಷ್ಟು ಸಂತೋಷದ ವಿಷಯ.

ಈಗ ವರ್ಷಗಳನ್ನು ಲೆಕ್ಕ ಹಾಕಿ. 2007ರಿಂದ 2016, ಒಂಬತ್ತು ವರ್ಷ. ಬಿ.ಟೆಕ್. ಪದವಿಗೆ ನಾಲ್ಕೇ ವರ್ಷ. ಆರಂಭಿಸಿದವರು ಕಾಲೇಜು ಬಿಟ್ಟುಹೋದರು, ಅವರ ನಂತರ ಬಂದವರೂ ಹೋದರು. ಉಡಾವಣೆಯ ದಿನ ತಂಡದಲ್ಲಿದ್ದ ಹೊಸಬರು ಕೆಲಸ ಶುರುವಾದಾಗ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದವರು. ಹೀಗಿದ್ದೂ ಕೆಲಸ ನಿಲ್ಲಲಿಲ್ಲವಲ್ಲ, ಅದು ಬರಿಯ ಬುದ್ಧಿವಂತಿಕೆಯಿಂದ ಆಗುವ ಮಾತಲ್ಲ. ಈ ಬಿಡಿಭಾಗವನ್ನೇ ಏಕೆ ಆರಿಸಿದೆವು, ಯಾವ ಪರೀಕ್ಷೆ ಸೋತಿತು, ಎಷ್ಟು ವೋಲ್ಟಿಗೆ ಏನಾಯಿತು ಎಂಬುದನ್ನೆಲ್ಲ ಒಬ್ಬ ಬರೆದಿಡದೆ ಹೋದರೆ ಅವನ ಪದವಿಯೊಂದಿಗೆ ಅವನ ತಿಳಿವಳಿಕೆಯೂ ಗೇಟು ದಾಟಿಹೋಗುತ್ತದೆ. ಬಂದವನು ಅದೇ ಪರೀಕ್ಷೆಯಲ್ಲಿ ಮತ್ತೆ ಸೋಲುತ್ತಾನೆ.

ಪ್ರಥಮ್‌ನ ಉದ್ದೇಶವನ್ನೂ ಒಂದಿಷ್ಟು ಹೇಳಬೇಕು. ಭೂಮಿಯ ಮೇಲಿನ ಅಯಾನುಗೋಲದಲ್ಲಿ ಎಲೆಕ್ಟ್ರಾನುಗಳ ದಟ್ಟಣೆ ಎಷ್ಟೆಂದು ಅಳೆಯುವುದು ಅದರ ಕೆಲಸ. ಉಪಗ್ರಹವು ಎರಡು ಬೇರೆ ಬೇರೆ ಆವೃತ್ತಿಗಳಲ್ಲಿ, ಸುಮಾರು 145 ಮತ್ತು 437 ಮೆಗಾಹರ್ಟ್ಸ್‌ಗಳಲ್ಲಿ, ರೇಡಿಯೋ ಸಂಕೇತಗಳನ್ನು ಕಳುಹಿಸಬೇಕು. ಎಲೆಕ್ಟ್ರಾನುಗಳ ನಡುವೆ ಹಾದುಬರುವಾಗ ಅಲೆಯ ಕಂಪನದ ದಿಕ್ಕು ತಿರುಗುತ್ತದೆ. ಕಡಿಮೆ ಆವೃತ್ತಿಯದು ಹೆಚ್ಚು, ಹೆಚ್ಚು ಆವೃತ್ತಿಯದು ಕಡಿಮೆ. ಈ ವ್ಯತ್ಯಾಸದಿಂದ ದಟ್ಟಣೆಯ ಲೆಕ್ಕ ಸಿಗುತ್ತದೆ. ಜಿ.ಪಿ.ಎಸ್. ತೋರಿಸುವ ಸ್ಥಳದಲ್ಲಿನ ತಪ್ಪನ್ನು ತಿದ್ದಲು ಇಂತಹ ಲೆಕ್ಕ ಬೇಕು. ನೆಲದಲ್ಲಿ ನಿಂತು ಕೇಳುವ ಕೆಲಸಕ್ಕೆ ಬೇರೆ ಕಾಲೇಜುಗಳನ್ನೂ ಕೂಡಿಸಿಕೊಳ್ಳುವ ಯೋಜನೆಯನ್ನು ಆ ತಂಡ ಮಾಡಿತ್ತು. ತಮ್ಮ ಹೊಸ್ತಿಲಾಚೆಯವರಿಗೂ ಕೆಲಸವನ್ನು ವಿವರಿಸಬೇಕಾದ ಹೊಣೆ ಇದರಿಂದ ಅವರ ಮೇಲೆ ಬಿತ್ತು.

ಇಂತಹ ಸಣ್ಣ ಉಪಗ್ರಹದೊಳಗೆ ಒಂದು ವಿಶೇಷವುಂಟು. ದಿಕ್ಕು ತಿಳಿಯಲು ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ಸಾಧನವಿರುತ್ತದೆ. ದಿಕ್ಕು ಬದಲಿಸಲು ವಿದ್ಯುತ್ ಹರಿಸುವ ಸುರುಳಿಗಳಿರುತ್ತವೆ. ಸುರುಳಿಯಲ್ಲಿ ವಿದ್ಯುತ್ ಹರಿದರೆ ಅದೇ ಒಂದು ಅಯಸ್ಕಾಂತ. ಆಗ ಅಳೆಯುವ ಸಾಧನ ಭೂಮಿಯ ಬದಲು ನೆರೆಯವನನ್ನೇ ಅಳೆಯುತ್ತದೆ. ಆದ್ದರಿಂದ ಒಂದು ಕೇಳುವಾಗ ಮತ್ತೊಂದು ಸುಮ್ಮನಿರಬೇಕು. ಯಾವುದು ಎಷ್ಟು ಹೊತ್ತು ಎಂಬುದನ್ನು ಮೊದಲೇ ಕೂಡಿ ಕುಳಿತು ಗೊತ್ತುಮಾಡಬೇಕು. ನಮ್ಮ ಅನೇಕ ಸಭೆಗಳಲ್ಲಿ ಈ ವ್ಯವಸ್ಥೆ ಇನ್ನೂ ಜಾರಿಗೆ ಬಂದಿಲ್ಲವೆಂಬುದು ಬೇರೆ ಮಾತು.

ಪ್ರಥಮ್‌ಗಿಂತ ಮೊದಲೇ, 2010ರ ಜುಲೈ 12ರಂದು, ಕರ್ನಾಟಕ ಮತ್ತು ಅಂದಿನ ಆಂಧ್ರಪ್ರದೇಶದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ 'ಸ್ಟಡ್‌ಸ್ಯಾಟ್' ಆಕಾಶಕ್ಕೇರಿತ್ತು. ಒಂದು ಕಿಲೋಗಿಂತಲೂ ಹಗುರ. ಆ ಕೆಲಸದ ಮುಂದಾಳುತನ ವಹಿಸಿದ್ದು ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಮಹಾವಿದ್ಯಾಲಯ. ಬೆಂಗಳೂರಿನಲ್ಲೊಬ್ಬ, ಹೈದರಾಬಾದಿನಲ್ಲೊಬ್ಬ ಕುಳಿತು ಒಂದೇ ಪೆಟ್ಟಿಗೆಯೊಳಗಿನ ಸರ್ಕ್ಯೂಟುಗಳನ್ನು ಮಾಡುವಾಗ "ಎದುರಿಗೆ ಸಿಕ್ಕಾಗ ಹೇಳೋಣ" ಎಂಬುದು ನಡೆಯುವುದಿಲ್ಲ.

ಇದೆಲ್ಲ ದೊಡ್ಡ ಕೆಲಸದ ಮಾತಾಯಿತು. ಸಣ್ಣದರಲ್ಲಿ ಏನಾಗುತ್ತದೆಂಬುದನ್ನು ನಾನು ಕಂಡಿದ್ದೇನೆ. ಉಪನಗರದ ಒಂದು ಕಾಲೇಜಿಗೆ ಕೊನೆಯ ವರ್ಷದ ಪ್ರಾಜೆಕ್ಟ್ ಪರೀಕ್ಷಕನಾಗಿ ಹೋಗಿದ್ದೆ. ನಾಲ್ವರ ತಂಡ, ಮೋಟಾರಿನ ವೇಗವನ್ನು ಹತೋಟಿಯಲ್ಲಿಡುವ ಯಂತ್ರ. ಒಬ್ಬ ಸೆನ್ಸರಿನ ಸರ್ಕ್ಯೂಟ್ ಮಾಡಿದ್ದ, ಒಬ್ಬಳು ಮೈಕ್ರೋಕಂಟ್ರೋಲರಿಗೆ ಪ್ರೋಗ್ರಾಮ್ ಬರೆದಿದ್ದಳು, ಮೂರನೆಯವನದು ಪವರ್ ಸಪ್ಲೈ, ನಾಲ್ಕನೆಯವನದು ವರದಿ. ಒಂದೊಂದೇ ಭಾಗ ಮೇಜಿನ ಮೇಲೆ ಚೆನ್ನಾಗಿ ನಡೆಯಿತು. ಕೂಡಿಸಿದೊಡನೆ ಸುಟ್ಟ ವಾಸನೆ. ಸೆನ್ಸರಿನ ಕಡೆಯಿಂದ 12 ವೋಲ್ಟ್ ಬರುತ್ತಿತ್ತು, ಚಿಪ್ಪು ತಾಳುವುದು 5. ಅದು ಒಂದೇ ತಂತಿ, ಎರಡು ತುದಿಗಳಲ್ಲಿ ಇಬ್ಬರು; ಯಾರೂ ಯಾರನ್ನೂ ಕೇಳಿರಲಿಲ್ಲ. "ನನ್ನ ಭಾಗ ಸರಿಯಿದೆ ಸರ್" ಎಂದು ಎಲ್ಲರೂ ಹೇಳಿದರು, ಅದು ಸುಳ್ಳೂ ಅಲ್ಲ.

ವರದಿ ಬರೆದ ಹುಡುಗ ಮಾತ್ರ ಸುಮ್ಮನಿದ್ದ. ಹೆಸರು ನೋಡಿ ಕನ್ನಡದಲ್ಲಿ ಮಾತಾಡಿಸಿದೆ. ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿ ಬಂದವನು.

"ವಾರದ ಹಿಂದೆಯೇ ಗೊತ್ತಾಗಿತ್ತು ಸರ್. ವರದಿಗೆ ಚಿತ್ರ ಬರೆಯುವಾಗ ಎರಡು ಕಡೆಯ ಸಂಖ್ಯೆ ಬೇರೆ ಇತ್ತು."

"ಹೇಳಲಿಲ್ಲ ಏಕಪ್ಪ?"

"ಗೈಡ್ ಎದುರಿಗೆ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ನಗುತ್ತಾರೆ ಅಂತ ಬಿಟ್ಟೆ."

ಗೆಳೆಯರೊಡನೆ ಸೊಗಸಾಗಿ ಹಿಂದಿ ಹರಟುವ ಹುಡುಗ. ನಾಲ್ವರಲ್ಲಿ ಯಂತ್ರವನ್ನು ಪೂರ್ತಿಯಾಗಿ ನೋಡಿದವನು ಅವನೊಬ್ಬನೇ. ಆದರೆ ಅವನಿಗೆ ಕೊಟ್ಟದ್ದು 'ಬರಿಯ' ಬರವಣಿಗೆ ಕೆಲಸ, ಬರೆಯುವವನನ್ನು ಯಾರೂ ಇಂಜಿನಿಯರೆಂದು ಎಣಿಸಲಿಲ್ಲ, ಅವನೂ ಎಣಿಸಿಕೊಳ್ಳಲಿಲ್ಲ.

ಬಂಧುಗಳೆ, ಇದಕ್ಕೆ ಪರಿಹಾರವೆಂದು ಮಗುವನ್ನು ಶಿಶುವಿಹಾರದಿಂದಲೇ ಇಂಗ್ಲಿಷಿಗೆ ದೂಡಬೇಕೆಂದು ವಾದಿಸುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಆ ತಂಡದ ಉಳಿದ ಮೂವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು, ಚಿಪ್ಪು ಸುಡುವುದು ತಪ್ಪಲಿಲ್ಲ. "ಇದು 12, ಅದು 5" ಎನ್ನಲು ಎಷ್ಟು ಇಂಗ್ಲಿಷ್ ಬೇಕು? ಹುಡುಗನಲ್ಲಿ ಇಲ್ಲದೆ ಹೋದದ್ದು ವ್ಯಾಕರಣವಲ್ಲ, ತನ್ನ ಮಾತಿಗೆ ಬೆಲೆಯಿದೆಯೆಂಬ ಧೈರ್ಯ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತ ನಮ್ಮ ಹಿರಿಯರಿಗೆ ಈ ನಗರದಲ್ಲಿ ಆ ಧೈರ್ಯ ಬಂದದ್ದು ಇಂತಹ ಸಂಘಗಳ ವೇದಿಕೆಯಿಂದ. ನಾಟಕದಲ್ಲಿ, ತಾಳಮದ್ದಳೆಯಲ್ಲಿ, ಕೊನೆಗೆ ಮಹಾಸಭೆಯ ಜಗಳದಲ್ಲಿಯಾದರೂ ಅವರು ಎದ್ದುನಿಂತು ಮಾತಾಡುವುದನ್ನು ಕಲಿತರು. ಇಂದಿನ ಹುಡುಗರಿಗೆ ನಾವು ಶಾಲು, ಫಲಕ ಕೊಟ್ಟು ಕಳುಹಿಸುತ್ತೇವೆ. ಮಾತಾಡಲು ಎರಡು ನಿಮಿಷ ಕೊಡುವುದಿಲ್ಲ. ಇವತ್ತಿನ ಕಾರ್ಯಕ್ರಮ ಪಟ್ಟಿಯನ್ನೇ ನೋಡಿ, ಮಾತಾಡುವವರೆಲ್ಲ ಅರವತ್ತು ದಾಟಿದವರು.

ಅದಕ್ಕಾಗಿ ಕಾರ್ಯಕಾರಿ ಸಮಿತಿಯ ಮುಂದೆ ಒಂದು ವಿನಂತಿ. ವಾಚನಾಲಯದ ಕೊಠಡಿ ಭಾನುವಾರ ಬೆಳಿಗ್ಗೆ ಬಳಕೆಯಾಗುವುದಿಲ್ಲ. ತಿಂಗಳಿಗೊಂದು ಭಾನುವಾರ ಅದನ್ನು ತಾಂತ್ರಿಕ ಶಿಕ್ಷಣದ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಿ. ತಾವು ಮಾಡುತ್ತಿರುವ ಪ್ರಾಜೆಕ್ಟನ್ನು ಹತ್ತು ನಿಮಿಷ ಕನ್ನಡದಲ್ಲಿ ನಮಗೆ ವಿವರಿಸಲಿ. ತಂಡದ ಮರಾಠಿ, ಗುಜರಾತಿ ಗೆಳೆಯರನ್ನೂ ಕರೆತರಲಿ, ಅವರ ಭಾಗವನ್ನು ಅವರಿಗೆ ಬಂದ ಭಾಷೆಯಲ್ಲಿ ಅವರು ಹೇಳಲಿ. ಅರ್ಥವಾಗದ ಕಡೆ ನಾವು ಕೈ ಎತ್ತಿ ಕೇಳುತ್ತೇವೆ. ಹೇಳಿದ್ದನ್ನು ಒಂದು ಪುಟದಲ್ಲಿ ಬರೆದು ವಾಚನಾಲಯದ ಕಡತಕ್ಕೆ ಸೇರಿಸಲಿ, ಮುಂದಿನ ವರ್ಷದ ಹುಡುಗರು ಅದನ್ನು ತೆರೆದು ನೋಡಲಿ. ಮೊದಲ ಭಾನುವಾರದ ಚಹಾ ತಿಂಡಿಯ ಖರ್ಚು ನನ್ನದು; ಸೋಲ್ಡರಿಂಗ್ ಕಬ್ಬಿಣ ಮತ್ತು ಮಲ್ಟಿಮೀಟರನ್ನೂ ತರುತ್ತೇನೆ.