ದುಡಿಯುವವರ ಮನಸ್ಸಿನ ಭಾರ



ನಮ್ಮ ಕೈಕೆಳಗೆ ದುಡಿಯುವವರು ನಮ್ಮ ಸಹೋದರರು. ಅವರ ಶಕ್ತಿ ಮೀರಿದ ಕೆಲಸ ಹೊರಿಸಬಾರದು, ಹೊರಿಸಿದರೆ ನಾವೂ ನೆರವಾಗಬೇಕು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಶಕ್ತಿ ಎಂದರೆ ತೋಳಿನದು ಮಾತ್ರವೇ? ಮನಸ್ಸಿಗೂ ಒಂದು ಮಿತಿಯಿದೆ.

ಬೆಂಗಳೂರಿನ ಎಷ್ಟೋ ದೊಡ್ಡ ಕಂಪನಿಗಳು ನೌಕರರ ಕಷ್ಟ ಕೇಳಲು ಆಪ್ತಸಮಾಲೋಚಕರ ವ್ಯವಸ್ಥೆ ಮಾಡಿವೆ. ಅಲ್ಲಿ ಹೇಳಿಕೊಂಡದ್ದು ಗುಟ್ಟಾಗಿರಬೇಕು ಎಂಬುದೇ ಅದರ ಮೊದಲ ನಿಯಮ. ಇಳಕಲ್ಲಿನ ಸೀರೆ ಮಗ್ಗ, ಗುಳೇದಗುಡ್ಡದ ಖಣದ ಮಗ್ಗ, ನಮ್ಮ ಬಾದಾಮಿಯ ಹೋಟೆಲು, ಗ್ಯಾರೇಜುಗಳಲ್ಲಿ ದುಡಿಯುವವರಿಗೆ ಯಾರಿದ್ದಾರೆ? ಮಾಲೀಕರಾದ ನಾವೇ ಇರಬೇಕು. ಆದರೆ ಸಾಲದ ಕಂತಿನ ಚಿಂತೆಯಲ್ಲಿ ನಿದ್ದೆಗೆಟ್ಟವನನ್ನು 'ಸೋಮಾರಿ' ಎನ್ನುತ್ತೇವೆ. ಮಂಕಾಗಿ ಕುಳಿತವನಿಗೆ 'ಈಮಾನ್ ಕಡಿಮೆ' ಎನ್ನುತ್ತೇವೆ. ಯೂಸುಫರ(ಅ) ಅಗಲಿಕೆಯ ದುಃಖದಲ್ಲಿ ಯಾಕೂಬರ(ಅ) ಕಣ್ಣುಗಳೇ ಬೆಳ್ಳಗಾದವು ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಆ ಪ್ರವಾದಿಯ ಈಮಾನ್ ಕಡಿಮೆಯಾಗಿತ್ತೇ?

ಆದ್ದರಿಂದ ಅವನನ್ನು ಪಕ್ಕಕ್ಕೆ ಕರೆದು ಕೇಳೋಣ. ಕೇಳಿದ್ದು ಅಮಾನತ್, ಅದನ್ನು ಚಹಾದ ಅಂಗಡಿಗೆ ಒಯ್ಯದಿರೋಣ. ಎರಡು ದಿನ ರಜೆ ಕೊಟ್ಟರೆ ಪಗಾರ ಕಡಿಯದಿರೋಣ. ದುಆ ಮಾಡೋಣ, ವೈದ್ಯರ ಬಳಿಗೂ ಕರೆದೊಯ್ಯೋಣ. ಚಿಕಿತ್ಸೆ ಪಡೆಯಿರಿ ಎಂದವರೂ ಪ್ರವಾದಿ(ಸ)ಯವರೇ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಎಂಬುದು 2022ರಿಂದ ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಅಂಗಡಿಯ ಗೋಡೆಯ ಮೇಲೆ ಬರೆಸೋಣ. ಯಾರಾದರೂ ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯೋಣ.

ನಮ್ಮ ಕೈಕೆಳಗಿನವರ ಬಗ್ಗೆ ನಮ್ಮನ್ನು ವಿಚಾರಿಸುವ ದಿನ ತಲೆತಗ್ಗಿಸದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.